ತೂಕ ಇಳಿಸುವ ಗುಂಪಿಗೆ ಸೇರುವ ಮುಂಚೆ ಏನೇನು ನೋಡಬೇಕು?

ಯಾವ ಬಡಾವಣೆಗೆ ಹೋದರೂ ಈಗ ತೂಕ ಇಳಿಸುವವರು ಸಿಗುತ್ತಾರೆ. ಒಂದು ಕಟ್ಟಡದ ಮೇಲ್ಮಹಡಿಯಲ್ಲಿ ಜುಂಬಾ, ಮುಂದಿನ ಕ್ರಾಸ್‌ನಲ್ಲಿ ಸ್ಲಿಮ್ಮಿಂಗ್ ಸೆಂಟರ್, ಬೆಳಗಿನ ಪೇಪರ್ ಒಳಗೆ ‘21 ದಿನದಲ್ಲಿ 8 ಕೆಜಿ’ ಅನ್ನುವ ಪಾಂಪ್ಲೆಟ್, ಮೊಬೈಲ್‌ನಲ್ಲಿ ಯಾರೋ ಕೇಳದೆ ಸೇರಿಸಿದ ವಾಟ್ಸಾಪ್ ಚಾಲೆಂಜ್. ಗಿರಾಕಿಗಳಿಗೂ ಬರವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು ಮೂವತ್ತು ಜನರ ತೂಕ ಜಾಸ್ತಿ. ಗಂಡಸರು, ಹೆಂಗಸರು ಇಬ್ಬರಲ್ಲೂ ಹೆಚ್ಚುಕಮ್ಮಿ ಅಷ್ಟೇ.

ಗುಂಪಿಗೆ ಸೇರಬೇಕು ಅಂದುಕೊಂಡವರು ಮೊದಲು ಕೇಳುವ ಮಾತು ‘ಎಷ್ಟು ಕೆಜಿ ಇಳಿಸ್ತೀರಾ?’ ಆ ಪ್ರಶ್ನೆಗೆ ಎಲ್ಲರ ಹತ್ತಿರವೂ ಒಳ್ಳೆಯ ಉತ್ತರ ರೆಡಿ ಇರುತ್ತದೆ. ನನ್ನ ಪ್ರಕಾರ ಕೇಳಬೇಕಾದ್ದು ಬೇರೆ: ಇವರಿಗೆ ದುಡ್ಡು ಯಾವುದರಿಂದ ಬರುತ್ತದೆ? ಹೇಳಿಕೊಡುವುದಕ್ಕಾ, ಡಬ್ಬ ಮಾರುವುದಕ್ಕಾ, ಅಥವಾ ನಿಮ್ಮನ್ನೂ ನಿಮ್ಮ ನಾದಿನಿಯನ್ನೂ ಸೇರಿಸುವುದಕ್ಕಾ? ಇದೊಂದು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

1. ಹೋಗುವ ಮುಂಚೆ ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳಿ

ನಿಮಗೆ ಎಷ್ಟು ಇಳಿಸಬೇಕು ಅನ್ನುವುದನ್ನು ಅಲ್ಲಿಯವರು ಹೇಳುವಂತಾಗಬಾರದು. ಹೇಳಿದರೆ ಜಾಸ್ತಿಯೇ ಹೇಳುತ್ತಾರೆ, ಅಲ್ವಾ? ತೂಕವನ್ನು ಕೆಜಿಯಲ್ಲಿ, ಎತ್ತರವನ್ನು ಮೀಟರ್‌ನಲ್ಲಿ ಬರೆದುಕೊಳ್ಳಿ. ಎತ್ತರವನ್ನು ಅದರಿಂದಲೇ ಗುಣಿಸಿ, ಬಂದದ್ದರಿಂದ ತೂಕವನ್ನು ಭಾಗಿಸಿ. 160 ಸೆಂಟಿಮೀಟರ್ ಎತ್ತರ, 68 ಕೆಜಿ ತೂಕ ಇದ್ದರೆ 68 ಭಾಗಿಸು 2.56, ಅಂದರೆ ಸುಮಾರು 26.6. ಇದೇ ಬಿಎಂಐ. ಭಾರತೀಯರ ಮಟ್ಟಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ನಮ್ಮ ವೈದ್ಯರು ಲೆಕ್ಕ ಹಿಡಿಯುತ್ತಾರೆ. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ಈ ಗೆರೆ ಪಾಶ್ಚಾತ್ಯರಿಗಿಂತ ಕೆಳಗಿದೆ.

ಬಿಎಂಐಗಿಂತ ಸೊಂಟದ ಟೇಪು ನಿಜ ಹೇಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ನೋಡುವವರು ನೀವೊಬ್ಬರೇ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

ಇನ್ನು ಗುರಿ. ಮದುವೆಯಾದಾಗ ಎಷ್ಟಿದ್ದೆ ಅನ್ನುವುದನ್ನು ಗುರಿ ಮಾಡಿಕೊಳ್ಳಬೇಡಿ. ಈಗಿರುವ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೂ ಬಿಪಿ, ಸಕ್ಕರೆ ಎರಡಕ್ಕೂ ಅನುಕೂಲ. 68 ಕೆಜಿಯವರಿಗೆ ಅದು ಮೂರೂವರೆಯಿಂದ ಏಳು ಕೆಜಿ, ಅಷ್ಟೇ.

ಬಿಪಿ, ಸಕ್ಕರೆ, ಥೈರಾಯ್ಡ್ ಒಮ್ಮೆ ನೋಡಿಸಿಕೊಳ್ಳಿ. ಬಿಪಿ, ಸಕ್ಕರೆಯನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೋ ಬೆಂಗಳೂರಿನವರು ‘ನಮ್ಮ ಕ್ಲಿನಿಕ್’ನಲ್ಲೋ ದುಡ್ಡಿಲ್ಲದೆ ನೋಡಿಸಬಹುದು. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಯಾವ ಗುಂಪಿನ ಡಯಟ್ಟನ್ನೂ ಶುರು ಮಾಡಬಾರದು. ಊಟ ಅರ್ಧ ಮಾಡಿ ಮಾತ್ರೆ ಅಷ್ಟೇ ನುಂಗಿದರೆ ಕೆಲವು ಔಷಧಿಗಳಲ್ಲಿ ಸಕ್ಕರೆ ಧಡಕ್ಕನೆ ಬೀಳುತ್ತದೆ. ಬಸುರಿಯರು, ಎದೆಹಾಲು ಕುಡಿಸುವವರು, ಊಟದ ವಿಷಯದಲ್ಲಿ ಹಿಂದೆ ಮಾನಸಿಕವಾಗಿ ಕಷ್ಟಪಟ್ಟವರು ಇಂಥ ಗುಂಪುಗಳ ಬಾಗಿಲಿಗೆ ಹೋಗುವ ಮೊದಲು ವೈದ್ಯರ ಹತ್ತಿರ ಹೋಗಲಿ.

2. ಅಲ್ಲಿ ಮಾರುತ್ತಿರುವುದು ಏನು ಅಂತ ಪತ್ತೆ ಮಾಡಿ

ಜಿಮ್, ಜುಂಬಾ, ಏರೋಬಿಕ್ಸ್ ಕ್ಲಾಸಿನವರು ಮಾರುವುದು ಸಮಯವನ್ನು. ಒಂದು ಗಂಟೆಗೆ ಇಷ್ಟು, ತಿಂಗಳಿಗೆ ಇಷ್ಟು. ವ್ಯವಹಾರ ನೇರ. ಆದರೆ ವ್ಯಾಯಾಮ ಒಂದರಿಂದಲೇ ತೂಕ ಅಷ್ಟೇನೂ ಇಳಿಯುವುದಿಲ್ಲ. ಮುಕ್ಕಾಲು ಗಂಟೆ ಕುಣಿದು, ಬರುವಾಗ ದರ್ಶಿನಿಯಲ್ಲಿ ಇಡ್ಲಿ-ವಡೆ, ಒಂದು ಸ್ಟ್ರಾಂಗ್ ಕಾಫಿ ಆದರೆ ಲೆಕ್ಕ ಸಮ. ಹೃದಯಕ್ಕೆ, ಮಂಡಿಗೆ, ನಿದ್ದೆಗೆ, ಮನಸ್ಸಿಗೆ ಒಳ್ಳೆಯದು ಅಂತ ಸೇರಿ. ಊಟದ ಬಗ್ಗೆ ಅಲ್ಲಿನ ಟ್ರೈನರ್ ಹೇಳುವುದಕ್ಕಿಂತ ಕಲಿತವರು ಹೇಳುವುದನ್ನು ಕೇಳಿ.

ನ್ಯೂಟ್ರಿಷನ್ ಕ್ಲಬ್ಬುಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸಣ್ಣ ಊರುಗಳಲ್ಲಿ ‘ಗುಂಪು’ ಅಂದರೆ ಹೆಚ್ಚಾಗಿ ಸಿಗುವುದು ಇವೇ. ಯಾರದೋ ಮನೆಯ ಹಾಲ್, ಬೆಳಿಗ್ಗೆ ಆರಕ್ಕೇ ಬಾಗಿಲು ತೆರೆದಿರುತ್ತದೆ. ಗೋಡೆ ತುಂಬ ಮುಂಚೆ-ಆಮೇಲೆ ಫೋಟೋಗಳು. ನಗುನಗುತ್ತಾ ಒಳಗೆ ಕರೆಯುತ್ತಾರೆ, ‘ಬನ್ನಿ ಅಕ್ಕ, ಫ್ರೀ ಚೆಕಪ್’. ತಕ್ಕಡಿ ಮೇಲೆ ನಿಲ್ಲಿಸಿ, ಕೈಗೆ ಒಂದು ಮಿಷನ್ ಹಿಡಿಸುತ್ತಾರೆ. ಅರ್ಧ ನಿಮಿಷದಲ್ಲಿ ಕಾರ್ಡ್ ತುಂಬುತ್ತದೆ: ಕೊಬ್ಬು 36, ಒಳಕೊಬ್ಬು 12, ಬಾಡಿ ಏಜ್ 58. ‘ನಿಮ್ಮ ವಯಸ್ಸು 41 ಅಂದ್ರಲ್ಲಾ? ಬಾಡಿ ಮಾತ್ರ 58 ಆಗ್ಬಿಟ್ಟಿದೆ ಅಕ್ಕ.’ ಎದೆ ಧಸಕ್ ಅನ್ನುತ್ತದೆ. ಆಮೇಲೆ ಲೋಟದಲ್ಲಿ ಶೇಕ್ ಬರುತ್ತದೆ.

ಆ ಮಿಷನ್ ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ, ಅದು ಎಷ್ಟು ಸಲೀಸಾಗಿ ಹರಿಯಿತು ಅನ್ನುವುದರ ಮೇಲೆ ಕೊಬ್ಬನ್ನು ಅಂದಾಜು ಮಾಡುತ್ತದೆ. ನೀರು ಕುಡಿದಿದ್ದೀರಾ, ಬೆವರಿದ್ದೀರಾ ಅನ್ನುವುದರ ಮೇಲೂ ಅಂಕಿ ಬದಲಾಗುತ್ತದೆ. ‘ಬಾಡಿ ಏಜ್’ ಅನ್ನುವುದು ಮಿಷನ್ ಮಾಡಿದ ಕಂಪನಿ ಕಟ್ಟಿಕೊಂಡ ಲೆಕ್ಕ. ಯಾವ ಡಾಕ್ಟರೂ ಅದನ್ನು ನೋಡಿ ಔಷಧಿ ಬರೆಯುವುದಿಲ್ಲ. ನಿಮ್ಮ ಸೊಂಟದ ಟೇಪು, ಬಿಪಿ, ಸಕ್ಕರೆ ಚೀಟಿ ಇದಕ್ಕಿಂತ ಎಷ್ಟೋ ಮೇಲು.

ಅಲ್ಲಿನ ಜನ ಕೆಟ್ಟವರಲ್ಲ. ಅವರಲ್ಲಿ ಬಹಳಷ್ಟು ಜನ ನಿಮ್ಮ ಹಾಗೇ ತೂಕ ಇಳಿಸಲು ಬಂದು, ಒಂದಷ್ಟು ಇಳಿಸಿ, ಆಮೇಲೆ ‘ಕೋಚ್’ ಆದವರು. ತೊಡಕು ವ್ಯವಹಾರದಲ್ಲಿದೆ. ಕೋಚ್‌ಗೆ ಆದಾಯ ಬರುವುದು ಪುಡಿಯ ಡಬ್ಬ ಖಾಲಿಯಾದರೆ, ಮತ್ತು ತನ್ನ ಕೆಳಗೆ ಸೇರಿದವರು ಇನ್ನಷ್ಟು ಡಬ್ಬ ಖಾಲಿ ಮಾಡಿದರೆ. ನೀವು ಮನೆ ಊಟದಲ್ಲೇ ತೂಕ ಹಿಡಿತಕ್ಕೆ ತಂದುಕೊಂಡು ಹೊರಟುಬಿಟ್ಟರೆ ಅವರಿಗೆ ನಷ್ಟ. ಲೋಟಕ್ಕೆ ದಿನಾ 200 ರೂಪಾಯಿ ಅಂದುಕೊಳ್ಳಿ, ತಿಂಗಳಿಗೆ 6,000. ಒಂದು ಹೊತ್ತಿನ ಊಟ ಬಿಟ್ಟು ಶೇಕ್ ಕುಡಿದರೆ ತೂಕ ಇಳಿಯುವುದು ನಿಜ, ಯಾಕೆಂದರೆ ಕ್ಯಾಲರಿ ಕಡಿಮೆಯಾಯಿತು. ಶೇಕ್ ನಿಲ್ಲಿಸಿದ ತಿಂಗಳು ಏನಾಗುತ್ತದೆ ಅಂತ ಅಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ. ಪುಡಿಯ ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಇದ್ದರೆ ಅದು ಆಹಾರವಾಗಿ ಮಾರಲು ಅನುಮತಿ ಅಷ್ಟೇ, ಕಾಯಿಲೆ ವಾಸಿ ಮಾಡುತ್ತದೆ ಅನ್ನುವುದಕ್ಕೆ ಸರ್ಟಿಫಿಕೇಟ್ ಅಲ್ಲ. ‘ಶುಗರ್ ಮಾತ್ರೆ ಬಿಡಿ ಅಕ್ಕ, ಇದೇ ಸಾಕು’ ಅಂದರೆ ಲೋಟ ಅಲ್ಲೇ ಇಟ್ಟು ಎದ್ದು ಬನ್ನಿ.

ಸ್ಲಿಮ್ಮಿಂಗ್ ಸೆಂಟರ್‌ಗಳು ಪ್ಯಾಕೇಜ್ ಮಾರುತ್ತವೆ. ‘ಇಂಚ್ ಲಾಸ್’ ಅನ್ನುವ ಮಾತು ಕೇಳಿದರೆ ಟೇಪನ್ನು ನೋಡಿ: ಮೊದಲ ದಿನ ಸಡಿಲವಾಗಿ ಹಿಡಿದದ್ದು ಕೊನೆಯ ದಿನ ಬಿಗಿಯಾಗಿರುತ್ತದೆ. ಬಟ್ಟೆ ಸುತ್ತಿ, ಬಿಸಿ ಬೆಲ್ಟ್ ಕಟ್ಟಿ ಬೆವರಿಸಿದರೆ ಹೋಗುವುದು ನೀರು. ಸಂಜೆ ಎರಡು ಲೋಟ ಮಜ್ಜಿಗೆ ಕುಡಿದರೆ ವಾಪಸ್.

ಇನ್ನು ಉಳಿದದ್ದು ಡಯಟಿಷಿಯನ್‌ಗಳು ನಡೆಸುವ ಗುಂಪುಗಳು ಮತ್ತು ದೊಡ್ಡ ಆಸ್ಪತ್ರೆಗಳ ಬೊಜ್ಜು ಕ್ಲಿನಿಕ್‌ಗಳು. ಇಲ್ಲಿ ಫೀಸ್ ಇರುವುದು ಸಲಹೆಗೆ. ಡಯಟಿಷಿಯನ್ ಯಾವ ಕಾಲೇಜಿನಲ್ಲಿ ಏನು ಓದಿದ್ದಾರೆ ಅಂತ ನೇರವಾಗಿ ಕೇಳಿ. ಆಹಾರ ಮತ್ತು ಪೋಷಣೆಯಲ್ಲಿ ಡಿಗ್ರಿ ಇರುವವರು, ಭಾರತೀಯ ಡಯಟೆಟಿಕ್ ಅಸೋಸಿಯೇಷನ್‌ನ ನೋಂದಾಯಿತ ಡಯಟಿಷಿಯನ್ ಪರೀಕ್ಷೆ ಪಾಸಾದವರು ಸಂಕೋಚವಿಲ್ಲದೆ ಹೇಳುತ್ತಾರೆ. ಎರಡು ದಿನದ ಆನ್‌ಲೈನ್ ಕೋರ್ಸ್ ಮಾಡಿದವರು ಮಾತು ತಿರುಗಿಸುತ್ತಾರೆ. ಇದೇ ಡಯಟಿಷಿಯನ್ ಮೂರನೇ ಭೇಟಿಗೆ ತಮ್ಮದೇ ಬ್ರಾಂಡಿನ ಪುಡಿ ತೆಗೆದರೆ, ಮತ್ತೆ ‘ಇವರಿಗೆ ದುಡ್ಡು ಯಾವುದರಿಂದ ಬರುತ್ತದೆ’ ಅನ್ನುವ ಪ್ರಶ್ನೆಗೇ ವಾಪಸ್ ಬನ್ನಿ.

3. ‘ಎಷ್ಟು ಕೆಜಿ’ ಅನ್ನುವ ಮಾತನ್ನು ತೂಗಿ ನೋಡಿ

ವಾರಕ್ಕೆ ಅರ್ಧ ಕೆಜಿ ಇಳಿಯುವುದು ಸುರಕ್ಷಿತ ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಮಾರ್ಗಸೂಚಿ. ದಿನಕ್ಕೆ 1,000 ಕ್ಯಾಲರಿಗಿಂತ ಕೆಳಗೆ ಇಳಿಯಬಾರದು ಅಂತಲೂ ಹೇಳುತ್ತದೆ. ಈ ಲೆಕ್ಕದಲ್ಲಿ 21 ದಿನಕ್ಕೆ ಒಂದೂವರೆ ಕೆಜಿ. ಪಾಂಪ್ಲೆಟ್‌ನ 8 ಕೆಜಿ ಎಲ್ಲಿಂದ ಬಂತು? ಒಂದಷ್ಟು ನೀರಿನಿಂದ. ಅನ್ನ, ರೊಟ್ಟಿ ಪೂರ್ತಿ ಬಿಟ್ಟರೆ ಮೈಯಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಖಾಲಿಯಾಗುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಹಾಗಾಗಿ ಮೊದಲ ವಾರ ಎಲ್ಲ ಡಯಟ್ಟೂ ಚಮತ್ಕಾರವೇ. ನಾಲ್ಕನೇ ವಾರ ಏನಾಯಿತು ಅಂತ ಹಳೆಯ ಸದಸ್ಯರನ್ನು ಕೇಳಿ. ತೀರಾ ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆ. ಕೂದಲು ಉದುರುವುದಂತೂ ಕೆಲವು ತಿಂಗಳ ನಂತರ, ಕೋಚ್ ಫೋನ್ ಎತ್ತದ ಕಾಲಕ್ಕೆ ಶುರುವಾಗುತ್ತದೆ.

ಒಳ್ಳೆಯ ಗುಂಪಿನಿಂದ ನಿಜಕ್ಕೂ ಎಷ್ಟು ಇಳಿಯುತ್ತದೆ ಅನ್ನುವುದಕ್ಕೆ ಪರೀಕ್ಷೆಗಳು ನಡೆದಿವೆ. 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇಂಗ್ಲೆಂಡಿನ ಅಧ್ಯಯನದಲ್ಲಿ 1,267 ಜನರನ್ನು ಮೂರು ಪಾಲು ಮಾಡಿದ್ದರು. ಒಂದು ಪಾಲಿಗೆ ಸ್ವಸಹಾಯದ ಪುಸ್ತಕ ಮತ್ತು ಚುಟುಕು ಸಲಹೆ. ಇನ್ನೊಂದಕ್ಕೆ 12 ವಾರ, ಮತ್ತೊಂದಕ್ಕೆ 52 ವಾರ ವೇಯ್ಟ್ ವಾಚರ್ಸ್ ಅನ್ನುವ ಕಂಪನಿಯ ತೂಕ ಇಳಿಸುವ ಗುಂಪು. ಒಂದು ವರ್ಷದ ಕೊನೆಗೆ ಸರಾಸರಿ ಇಳಿದದ್ದು 3.3 ಕೆಜಿ, 4.8 ಕೆಜಿ, 6.8 ಕೆಜಿ. ಅಧ್ಯಯನಕ್ಕೆ ಆ ಕಂಪನಿಯ ದುಡ್ಡೂ ಇತ್ತು, ಅದೂ ನೆನಪಿರಲಿ. ಆದರೂ ಎರಡು ವಿಷಯ ಕಾಣುತ್ತದೆ. ಇಡೀ ವರ್ಷ ಗುಂಪು ಸಿಕ್ಕವರಿಗೂ ಸರಾಸರಿ ಏಳು ಕೆಜಿಯೊಳಗೇ. ಮತ್ತೆ, ಜಾಸ್ತಿ ದಿನ ಗುಂಪು ಸಿಕ್ಕವರಿಗೆ ಜಾಸ್ತಿ ಇಳಿದಿದೆ. ಅಂದರೆ ಮನೆಗೆ ಹತ್ತಿರದ, ಮಳೆ ಬಂದರೂ ಹೋಗಬಹುದಾದ, ಒಂದು ವರ್ಷ ಫೀಸ್ ಕಟ್ಟಲು ಆಗುವ ಗುಂಪು, ಊರಾಚೆಯ ಹೆಸರುವಾಸಿ ಸೆಂಟರ್‌ಗಿಂತ ವಾಸಿ.

4. ಒಂದು ದಿನ ಸುಮ್ನೆ ಹೋಗಿ ಕೂತು ಬನ್ನಿ

ದುಡ್ಡು ಕಟ್ಟುವ ಮುಂಚೆ ಒಂದು ಕ್ಲಾಸ್ ನೋಡಲು ಬಿಡದ ಕಡೆ ಸೇರಬೇಡಿ. ಹೋದಾಗ ಮುಖ್ಯವಾಗಿ ನೋಡಬೇಕಾದ್ದು ತೂಕ ಇಳಿಸಿದವರನ್ನಲ್ಲ, ಆ ವಾರ ತೂಕ ಏರಿಸಿಕೊಂಡು ಬಂದವರನ್ನು. ಅವರನ್ನು ಹೇಗೆ ಮಾತಾಡಿಸುತ್ತಾರೆ? ಎಲ್ಲರೆದುರು ಕೈ ಎತ್ತಿಸಿ, ಅಂಕಿ ಓದಿ, ಹತ್ತು ಜನ ನಗುವ ಜಾಗದಲ್ಲಿ ಮುಂದಿನ ವಾರ ಆ ಹೆಂಗಸು ಬರುವುದಿಲ್ಲ. ನಿಮ್ಮ ಸರದಿಯೂ ಬಂದೇ ಬರುತ್ತದೆ: ಹಬ್ಬದ ವಾರ, ಮುಟ್ಟಿನ ವಾರ, ತಂಗಿಯ ಮದುವೆ ವಾರ. ತೂಕವನ್ನು ಮರೆಯಲ್ಲಿ ನೋಡಿ, ‘ಏನಾಯ್ತು, ಮನೇಲಿ ಫಂಕ್ಷನ್ ಇತ್ತಾ?’ ಅಂತ ಕೇಳುವವರು ಸಿಕ್ಕರೆ ಆ ಜಾಗ ಬಿಡಬೇಡಿ.

ಕೇಳಲೇಬೇಕಾದ ಪ್ರಶ್ನೆಗಳು ನಾಲ್ಕೇ. ‘ಮೇಡಂ, ಇಲ್ಲಿ ಏನಾದ್ರೂ ಕೊಂಡ್ಕೊಳ್ಳಲೇಬೇಕಾ?’ ‘ಒಂದು ವರ್ಷದ ಹಿಂದೆ ಬಿಟ್ಟು ಹೋದವರು ಯಾರಾದ್ರೂ ಇದ್ದರೆ ಮಾತಾಡಿಸಬಹುದಾ?’ ‘ನಡುವೆ ಬಿಟ್ಟರೆ ದುಡ್ಡು ವಾಪಸ್ ಎಷ್ಟು?’ ‘ನನ್ನ ಫೋಟೋ ಹಾಕ್ತೀರಾ?’ ಕೊನೆಯದನ್ನು ಮರೆಯಬೇಡಿ. ಒಮ್ಮೆ ಮುಂಚೆ-ಆಮೇಲೆ ಫೋಟೋ ವಾಟ್ಸಾಪ್‌ಗೆ ಬಿದ್ದರೆ ಅದು ನೆಂಟರಿಷ್ಟರ ಗುಂಪಿಗೆಲ್ಲ ತಲುಪುತ್ತದೆ.

5. ಊಟದ ಪಟ್ಟಿ ನಿಮ್ಮ ಅಡುಗೆಮನೆಗೆ ಹೊಂದುತ್ತಾ?

ಕಿನೋವಾ, ಬ್ರಾಕಲಿ, ಆಲಿವ್ ಎಣ್ಣೆ ಬರೆದ ಪಟ್ಟಿ ಎರಡು ವಾರ ನಡೆಯುತ್ತದೆ. ಮೂರನೇ ವಾರ ಮನೆಯವರಿಗೆ ಒಂದು ಅಡುಗೆ, ನಿಮಗೊಂದು ಅಡುಗೆ ಮಾಡಿ ಸಾಕಾಗಿ, ಮಕ್ಕಳು ಬಿಟ್ಟ ಚಿತ್ರಾನ್ನವನ್ನು ನಿಂತೇ ತಿಂದಿರುತ್ತೀರಿ. ಮುದ್ದೆ, ಸೊಪ್ಪಿನ ಸಾರು, ಹುರುಳಿ ಕಾಳು, ಕೋಸಂಬರಿ, ಮಜ್ಜಿಗೆ ಅಥವಾ ಜೋಳದ ರೊಟ್ಟಿ, ಪಲ್ಯ, ಮೊಸರು. ನಿಮ್ಮ ಕಡೆ ಏನು ಉಣ್ಣುತ್ತೀರೋ ಅದನ್ನೇ ಅಳತೆ ಬದಲಿಸಿ ಹೇಳಿಕೊಡುವವರು ಬೇಕು.

‘ಅನ್ನ ಬಿಟ್ಟು ಮುದ್ದೆ ತಿನ್ನಿ, ತೂಕ ತಾನಾಗೇ ಇಳಿಯುತ್ತೆ’ ಅನ್ನುವವರ ವಿಷಯದಲ್ಲಿ ಹುಷಾರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ, ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355. ದೊಡ್ಡ ವ್ಯತ್ಯಾಸವಿಲ್ಲ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಹೊಟ್ಟೆ ತುಂಬಿದ ಹಾಗಿರುತ್ತದೆ, ಅದು ಸರಿ. ಎರಡು ದೊಡ್ಡ ಮುದ್ದೆ ಮೇಲೆ ‘ಸ್ವಲ್ಪ’ ಅನ್ನ ಹಾಕಿಕೊಂಡರೆ ಏನೂ ಲಾಭವಿಲ್ಲ.

ಒಳ್ಳೆಯ ಡಯಟಿಷಿಯನ್‌ರನ್ನು ಗುರುತಿಸಲು ನಾನು ನೋಡುವುದು ಒಂದು ಪ್ರಶ್ನೆಯನ್ನು: ‘ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಬರುತ್ತೆ?’ ಇದನ್ನು ಕೇಳುವವರು ಕಡಿಮೆ. ಒಂದು ಲೀಟರ್ ಅಡುಗೆ ಎಣ್ಣೆಯಲ್ಲಿ 8,000ಕ್ಕೂ ಜಾಸ್ತಿ ಕ್ಯಾಲರಿ ಇರುತ್ತದೆ. ನಾಲ್ಕು ಜನರ ಮನೆಗೆ ಐದು ಲೀಟರ್ ಕ್ಯಾನ್ ತಿಂಗಳು ತುಂಬುವ ಮುಂಚೆ ಖಾಲಿಯಾಗುತ್ತಿದ್ದರೆ, ಒಗ್ಗರಣೆಯಲ್ಲೇ ಅರ್ಧ ಉತ್ತರ ಇದೆ. ಮನೆಯಲ್ಲಿ ಅಡುಗೆ ಮಾಡುವವರು ಯಾರು, ಅತ್ತೆಯವರು ಮಾಡುತ್ತಾರಾ, ರಾತ್ರಿ ಊಟ ಎಷ್ಟು ಹೊತ್ತಿಗೆ, ಶಿಫ್ಟ್ ಡ್ಯೂಟಿ ಇದೆಯಾ ಅಂತೆಲ್ಲ ಕೇಳಿ ಬರೆದುಕೊಳ್ಳುವವರಿಗೆ ಫೀಸ್ ಕೊಟ್ಟರೆ ವ್ಯರ್ಥವಲ್ಲ. ಎಲ್ಲರಿಗೂ ಒಂದೇ ಪಿಡಿಎಫ್ ಕಳಿಸುವವರಿಗೆ ಯಾಕೆ ಕೊಡಬೇಕು?

6. ದುಡ್ಡು, ಚೀಟಿ, ಕಾನೂನು

ವರ್ಷ ಪೂರ್ತಿ ಹೋಗಬೇಕು ಅಂದೆ, ವರ್ಷದ ಫೀಸ್ ಒಟ್ಟಿಗೆ ಕಟ್ಟಿ ಅನ್ನಲಿಲ್ಲ. ತಿಂಗಳು ತಿಂಗಳು ಕಟ್ಟಿ. ‘ಇವತ್ತೇ ಸೇರಿದರೆ ಅರ್ಧ ರೇಟು’ ಅಂದರೆ ನಾಳೆ ಬರುತ್ತೇನೆ ಅನ್ನಿ. ನಾಳೆಯೂ ಅದೇ ರೇಟು ಇರುತ್ತದೆ. ಕಂತಿನ ಸಾಲ ಮಾಡಿಸಿ ಪ್ಯಾಕೇಜ್ ಕೊಡುವ ಕಡೆ ಎಚ್ಚರ. ನೀವು ಕ್ಲಾಸ್ ಬಿಟ್ಟರೂ ಸಾಲದ ಕಂತು ಬಿಡುವುದಿಲ್ಲ. ಬಿಲ್ ತೆಗೆದುಕೊಳ್ಳಿ. ಬಾಯಲ್ಲಿ ಹೇಳಿದ ಭರವಸೆಯನ್ನು ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಿ, ಮುಂದೆ ಬೇಕಾಗುತ್ತದೆ. ಮೋಸ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಬೊಜ್ಜನ್ನು ವಾಸಿ ಮಾಡುತ್ತದೆ ಅಂತ ಔಷಧಿಯ ಜಾಹೀರಾತು ಕೊಡುವುದೇ ಅಪರಾಧ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯ ಪಟ್ಟಿಯಲ್ಲಿ ಬೊಜ್ಜೂ ಇದೆ. ಜನರನ್ನು ಸೇರಿಸಿದ್ದಕ್ಕೆ ದುಡ್ಡು ಕೊಡುವ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಇನ್ನು ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳು 2025ರಲ್ಲಿ ತೂಕಕ್ಕೆಂದೇ ಭಾರತದ ಮಾರುಕಟ್ಟೆಗೆ ಬಂದವು. ಅವು ನಿಜವಾದ ಔಷಧಿಗಳೇ, ಕೆಲವರಿಗೆ ಬೇಕಾಗುತ್ತವೆ ಕೂಡ. ಆದರೆ ವೈದ್ಯರ ಚೀಟಿ ಇಲ್ಲದೆ ಜಿಮ್‌ನಲ್ಲೋ ಪಾರ್ಲರ್‌ನಲ್ಲೋ ಚುಚ್ಚಿಸಿಕೊಳ್ಳುವುದು ಬೇಡವೇ ಬೇಡ.

7. ಪರದೇಶದಲ್ಲಿರುವವರಿಗೆ

ಇಂಗ್ಲೆಂಡಿನಲ್ಲಿರುವವರು ಮೊದಲು ಜಿಪಿಯನ್ನು, ಅಂದರೆ ನಿಮ್ಮ ಹೆಸರು ನೋಂದಾಯಿಸಿರುವ ಡಾಕ್ಟರನ್ನು ಕೇಳಿ. ಬಿಪಿ ಅಥವಾ ಸಕ್ಕರೆ ಇದ್ದವರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ತೂಕ ಇಳಿಸುವ ಉಚಿತ ಡಿಜಿಟಲ್ ಕಾರ್ಯಕ್ರಮ ಇದೆ, ಏಷ್ಯಾದವರಿಗೆ ಬಿಎಂಐ 27.5 ಇದ್ದರೂ ಸಾಕು. ಕೆಲವು ಕಡೆ ಸ್ಲಿಮ್ಮಿಂಗ್ ವರ್ಲ್ಡ್‌ನಂಥ ಗುಂಪಿಗೆ 12 ವಾರ ಉಚಿತವಾಗಿ ಕಳಿಸುತ್ತಾರೆ. ಒಂದೇ ಎಚ್ಚರಿಕೆ: ಆ ಪದ್ಧತಿಯಲ್ಲಿ ಬರೀ ಅನ್ನವನ್ನು ಅಳತೆ ಇಲ್ಲದೆ ತಿನ್ನಬಹುದಾದ ಪಟ್ಟಿಗೆ ಹಾಕಿದ್ದಾರೆ. ಆಲೂಗಡ್ಡೆ ತಿಂದು ಬೆಳೆದವರಿಗೆ ಅದು ಸರಿಹೋಗಬಹುದು. ಸಾರಿಗೊಂದು ಸಲ, ಹುಳಿಗೊಂದು ಸಲ, ಮೊಸರಿಗೊಂದು ಸಲ ಅನ್ನ ಬಡಿಸಿಕೊಳ್ಳುವ ನಮಗೆ ಆ ಸ್ವಾತಂತ್ರ್ಯ ಕೊಡಬಾರದು. ಅಮೆರಿಕದಲ್ಲಿರುವವರು ಸಕ್ಕರೆ ಗಡಿಯಲ್ಲಿದ್ದರೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಮಾನ್ಯತೆ ಇರುವ ಒಂದು ವರ್ಷದ ಮಧುಮೇಹ ತಡೆ ತರಗತಿಗಳನ್ನು ಹುಡುಕಿ. ಏಷ್ಯಾದವರಿಗೆ 23 ಬಿಎಂಐಗೇ ಪ್ರವೇಶ.

8. ಯಾವುದೂ ಸರಿಬರದಿದ್ದರೆ ನೀವೇ ಗುಂಪು ಕಟ್ಟಿ

ವೇಯ್ಟ್ ವಾಚರ್ಸ್ ಕಂಪನಿ ಆದದ್ದು 1963ರಲ್ಲಿ. ಅದಕ್ಕೂ ಮುಂಚೆ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಜೀನ್ ನಿಡೆಚ್ ಅನ್ನುವ ಗೃಹಿಣಿ ಒಂದಷ್ಟು ಗೆಳತಿಯರನ್ನು ಮನೆಗೆ ಕರೆದು, ತಾನು ಕದ್ದು ತಿನ್ನುವ ಬಿಸ್ಕತ್ತಿನ ವಿಷಯ ಹೇಳಿಕೊಂಡಿದ್ದರು. ಉಳಿದವರೂ ತಮ್ಮ ತಮ್ಮ ಗುಟ್ಟು ಬಿಚ್ಚಿದರು. ಇಷ್ಟಕ್ಕೆ ಬಂಡವಾಳ ಬೇಕಿಲ್ಲ.

ಐದಾರು ಜನ ಸಾಕು. ಒಂದೇ ತಕ್ಕಡಿ, ವಾರಕ್ಕೆ ಒಂದೇ ಸಲ, ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ. ಅಂಕಿ ಅವರವರ ಪುಸ್ತಕಕ್ಕೆ, ಬೇರೆಯವರಿಗೆ ತೋರಿಸುವುದು ಅವರಿಷ್ಟ. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವುದು ಇಷ್ಟನ್ನೇ. ಪಾರ್ಕಿನ ಓಪನ್ ಜಿಮ್ ಇದ್ದರೆ ಬಳಸಿ, ಇಲ್ಲದಿದ್ದರೆ ಕುರ್ಚಿಯಿಂದ ಎದ್ದು ಕೂರುವುದನ್ನೇ ಹತ್ತು ಹತ್ತು ಸಲ ಮಾಡಿ. ವಾಕಿಂಗ್ ಮುಗಿಸಿ ತಿಂಡಿಗೆ ಹೋಗುವುದು ಭಾನುವಾರಕ್ಕೆ ಮಾತ್ರ ಅಂತ ಮೊದಲೇ ಮಾತಾಡಿಕೊಳ್ಳಿ, ಇಲ್ಲವಾದರೆ ಅದು ತಿಂಡಿ ಗುಂಪಾಗುತ್ತದೆ. ಮೂರು ತಿಂಗಳಿಗೊಮ್ಮೆ ಎಲ್ಲರೂ ಸೇರಿ ಒಬ್ಬ ಡಯಟಿಷಿಯನ್ ಫೀಸ್ ಹಂಚಿಕೊಂಡು ಕರೆಸಿದರೆ ಒಬ್ಬೊಬ್ಬರಿಗೆ ಬೀಳುವುದು ಕಡಿಮೆ.

ಎಲ್ಲೇ ಸೇರಿ, 12 ವಾರಕ್ಕೆ ಒಮ್ಮೆ ಲೆಕ್ಕ ನೋಡಿ. ಸೊಂಟದ ಟೇಪು ಕದಲಿಲ್ಲ, ಬಿಪಿ, ಸಕ್ಕರೆಯೂ ಹಾಗೇ ಇದೆ ಅಂದರೆ ಡಾಕ್ಟರಿಗೆ ತೋರಿಸಿ, ಗುಂಪು ಬದಲಿಸಿ. ನಾಲ್ಕೈದು ಕೆಜಿ ಇಳಿದಿದ್ದರೂ ಡಾಕ್ಟರ ಹತ್ತಿರ ಹೋಗುವುದಿದೆ. ತೂಕ ಇಳಿದ ಮೇಲೆ ಹಳೆಯ ಬಿಪಿ ಮಾತ್ರೆ ಜಾಸ್ತಿಯಾಗಿ, ಕೂತಲ್ಲಿಂದ ಎದ್ದಾಗ ತಲೆ ತಿರುಗಬಹುದು. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ಅಳತೆ ಕಡಿಮೆ ಮಾಡಬೇಕಾ ಅಂತ ಅವರನ್ನೇ ಕೇಳಿ.